ನಿನ್ನೆಯನ್ನು ಕೇಳದ ತಾಯಿ: ಸಂತ ಮೇರಿ ಯುಫ್ರೇಸಿಯಾ

ಫ್ರಾನ್ಸಿನ ನ್ವಾರ್ಮೂತಿಯೆ ದ್ವೀಪದಲ್ಲಿ 1796ರ ಜುಲೈ 31ರಂದು ರೋಸ್ ವರ್ಜಿನಿ ಪೆಲೆತಿಯೆ ಜನಿಸಿದರು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. 1814ರಲ್ಲಿ ತೂರ್ ನಗರದ ಆಶ್ರಯಮಠ ಸೇರಿ ಮೇರಿ ಯುಫ್ರೇಸಿಯಾ ಆದರು. ವೇಶ್ಯಾವೃತ್ತಿಯಿಂದ ಹೊರಬಂದ ಹೆಂಗಸರಿಗೂ ದಿಕ್ಕಿಲ್ಲದ ಹುಡುಗಿಯರಿಗೂ ಅಲ್ಲಿ ನೆಲೆ ಸಿಗುತ್ತಿತ್ತು.

ಆ ಮಹಿಳೆಯರಲ್ಲಿ ಕೆಲವರಿಗೆ ತಮ್ಮನ್ನು ದೇವರಿಗೆ ಅರ್ಪಿಸಿಕೊಳ್ಳುವ ಹಂಬಲ. ಆದರೆ ಹಿಂದಿನ ಬಾಳಿನ ಕಾರಣದಿಂದ ಅವರು ಆ ಮಠದ ಭಗಿನಿಯರಾಗಲು ನಿಯಮ ಬಿಡುತ್ತಿರಲಿಲ್ಲ. 1825ರಲ್ಲಿ, 30 ತುಂಬುವ ಮೊದಲೇ ಮಠದ ಮುಖ್ಯಸ್ಥೆಯಾದ ಯುಫ್ರೇಸಿಯಾ, ಅವರಿಗಾಗಿಯೇ ಧ್ಯಾನ ಪ್ರಾರ್ಥನೆಯ ಸಂಘವೊಂದನ್ನು ಆರಂಭಿಸಿದರು. ಲೋಕ ಕೆಟ್ಟವಳೆಂದು ದೂರವಿಟ್ಟವಳೂ ದೇವರ ಮಗಳೇ ಎಂದು ಅವರು ನಂಬಿದ್ದರು.

1829ರಲ್ಲಿ ಆಂಜೆ ನಗರದಲ್ಲಿ ಹೊಸ ಮಠ ತೆರೆದರು. ಆಗ ಪ್ರತಿ ಮಠಕ್ಕೂ ಬೇರೆ ಆಡಳಿತ. ಎಲ್ಲವೂ ಒಂದಾದರೆ ಅಗತ್ಯವಿದ್ದ ಕಡೆಗೆ ಭಗಿನಿಯರನ್ನು ಕಳುಹಿಸಬಹುದೆಂದು ಅವರು ಕಂಡುಕೊಂಡರು. ಅಧಿಕಾರದಾಸೆ ಎಂಬ ಆರೋಪ ಬಂದರೂ ಹಿಂಜರಿಯಲಿಲ್ಲ. 1835ರಲ್ಲಿ ಜಗದ್ಗುರು ಹದಿನಾರನೇ ಗ್ರೆಗೋರಿ ಒಪ್ಪಿಗೆಯಿತ್ತರು. ಹೀಗೆ ಬೆಳೆದ ಗುಡ್ ಶೆಫರ್ಡ್ ಸಭೆಯ ಭಗಿನಿಯರು 1854ರಲ್ಲಿ ಬೆಂಗಳೂರಿಗೂ ಬಂದರು.

1868ರ ಏಪ್ರಿಲ್ 24ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದಾಗ ನೂರಕ್ಕೂ ಹೆಚ್ಚು ಮಠಗಳಿದ್ದವು. 1940ರಲ್ಲಿ ಸಂತ ಪದವಿ ದೊರೆಯಿತು.

ಮಾರಾಟದ ಜಾಲದಿಂದಲೋ ಕುಡಿತದಿಂದಲೋ ಪಾರಾಗಿ ಬಂದ ಮಗಳೊಬ್ಬಳು ನಮ್ಮ ಧರ್ಮಕೇಂದ್ರದಲ್ಲೂ ಇರಬಹುದು. ಅವಳ ನಿನ್ನೆಯನ್ನು ಕೆದಕದೆ, ಬಲಿಪೂಜೆಯ ಬೆಂಚಿನಲ್ಲಿ ಸರಿದು ಜಾಗ ಕೊಡೋಣ.