ತಪ್ಪು ಸಾಬೀತಾಗಲಿಲ್ಲ, ಆದರೂ ಕೆಲಸ ಹೋಯಿತು: ಕವಿತೆ ಮೇಷ್ಟ್ರು ಡಿರೋಜಿಯೊ ಕತೆ

‘ಡೆಡ್ ಪೊಯೆಟ್ಸ್ ಸೊಸೈಟಿ’ ಪೂರ್ತಿ ನೋಡದವರೂ ಅದರ ಕೊನೆಯ ದೃಶ್ಯವನ್ನು ರೀಲ್ಸ್‌ನಲ್ಲಿ ನೋಡಿರ್ತೀರಿ. ಕವಿತೆ ಪಾಠ ಮಾಡುವ ಕೀಟಿಂಗ್ ಎಂಬ ಮೇಷ್ಟ್ರನ್ನು ಶಾಲೆ ಹೊರಗೆ ಹಾಕುತ್ತದೆ. ಅವರು ಹೊರಡುವ ಹೊತ್ತಿಗೆ ಹುಡುಗರು ಒಬ್ಬೊಬ್ಬರಾಗಿ ಡೆಸ್ಕ್ ಹತ್ತಿ ನಿಲ್ಲುತ್ತಾರೆ. 1989ರ ಆ ಸಿನಿಮಾದ ಕತೆ ನಡೆಯುವುದು 1959ರ ಅಮೆರಿಕದ ಒಂದು ಬೋರ್ಡಿಂಗ್ ಶಾಲೆಯಲ್ಲಿ. ಅದಕ್ಕೂ 128 ವರ್ಷ ಮೊದಲು, 1831ರಲ್ಲಿ, ನಮ್ಮದೇ ದೇಶದ ಕಲ್ಕತ್ತಾದಲ್ಲಿ ಇಂಥದ್ದೊಂದು ಕತೆ ನಿಜವಾಗಿಯೇ ನಡೆದಿತ್ತು. ಆ ಮೇಷ್ಟ್ರ ಹೆಸರು ಹೆನ್ರಿ ಲೂಯಿ ವಿವಿಯನ್ ಡಿರೋಜಿಯೊ.

ಅವರ ಮೇಲೂ ಸಿನಿಮಾ ಬಂದಿದೆ. ‘ಗೋಲ್‌ಮಾಲ್’ ಚಿತ್ರದಲ್ಲಿ ಮೀಸೆ ಇಲ್ಲದವರನ್ನು ನಂಬದ ಬಾಸ್ ಆಗಿ ನಮ್ಮನ್ನು ನಗಿಸಿದ ಉತ್ಪಲ್ ದತ್, ಅದೇ 1979ರಲ್ಲಿ ಡಿರೋಜಿಯೊ ಮತ್ತು ಆತನ ಶಿಷ್ಯರ ಬಗ್ಗೆ ಬಂಗಾಳಿಯಲ್ಲಿ ‘ಝೋರ್’ (ಬಿರುಗಾಳಿ) ನಿರ್ದೇಶಿಸಿದರು. ಆದರೆ ಡಿರೋಜಿಯೊ ಬದುಕಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಸಿನಿಮಾಕ್ಕೆ ಒಗ್ಗುವ ದೃಶ್ಯಗಳಲ್ಲ. ಒಂದು ಆಡಳಿತ ಮಂಡಳಿಯ ಮೀಟಿಂಗ್. ಅಲ್ಲಿಗೆ ಬರ್ತೀನಿ.

ಎರಡೂ ಕಡೆಗೆ ಸೇರದವನು

ಡಿರೋಜಿಯೊ ಹುಟ್ಟಿದ್ದು 1809ರ ಏಪ್ರಿಲ್ 18ರಂದು, ಕಲ್ಕತ್ತಾದಲ್ಲಿ. ಅಪ್ಪನ ಕಡೆಯಿಂದ ಪೋರ್ಚುಗೀಸ್ ಮತ್ತು ಭಾರತೀಯ ಮೂಲದ ಕುಟುಂಬ. ಇಂಥ ಮಿಶ್ರ ಸಂತತಿಯವರನ್ನು ಆಗ ‘ಈಸ್ಟ್ ಇಂಡಿಯನ್’ ಎನ್ನುತ್ತಿದ್ದರು. ಕಂಪನಿ ಸರ್ಕಾರದ ದೊಡ್ಡ ಹುದ್ದೆಗಳ ಬಾಗಿಲು ಇವರಿಗೆ ಮುಚ್ಚಿತ್ತು. ಬಿಳಿಯರಿಗೆ ಇವರು ಕಪ್ಪು, ಮಡಿವಂತ ಹಿಂದೂಗಳಿಗೆ ಮ್ಲೇಚ್ಛರು.

ಓದಿದ್ದು ಡೇವಿಡ್ ಡ್ರಮಂಡ್ ಎಂಬ ಸ್ಕಾಟ್ಲೆಂಡಿನ ವಿಚಾರವಾದಿ ನಡೆಸುತ್ತಿದ್ದ ಶಾಲೆಯಲ್ಲಿ. ಬಿಳಿಯರ ಮಕ್ಕಳು, ಮಿಶ್ರ ಸಂತತಿಯವರು, ಭಾರತೀಯರು ಒಟ್ಟಿಗೆ ಕೂರುತ್ತಿದ್ದ ಅಪರೂಪದ ಶಾಲೆ ಅದು. 14ನೇ ವಯಸ್ಸಿಗೆ ಓದು ಮುಗಿಯಿತು. ಸ್ವಲ್ಪ ಕಾಲ ಅಪ್ಪನ ಕಚೇರಿಯಲ್ಲಿ ಗುಮಾಸ್ತಿಕೆ, ಆಮೇಲೆ ಭಾಗಲ್ಪುರದಲ್ಲಿ ಬಂಧುಗಳ ನೀಲಿ ಕಾರ್ಖಾನೆ. ಗಂಗೆಯ ದಡದ ಆ ಊರಲ್ಲೇ ಹುಡುಗ ಕವಿತೆ ಬರೆಯತೊಡಗಿದ. ‘ಇಂಡಿಯಾ ಗೆಜೆಟ್’ ಪತ್ರಿಕೆ ಅವನ್ನು ಪ್ರಕಟಿಸಿತು. 1827ರಲ್ಲಿ ಮೊದಲ ಸಂಕಲನ, ಮರುವರ್ಷ ‘ದಿ ಫಕೀರ್ ಆಫ್ ಜಂಘೀರಾ’ ಎಂಬ ದೀರ್ಘ ಕಾವ್ಯ. ಸತಿ ಹೋಗಲು ಚಿತೆಯ ಬಳಿ ತಂದ ವಿಧವೆಯನ್ನು ಅವಳ ಪ್ರೇಮಿ ಹೊತ್ತೊಯ್ಯುವ ಕತೆ ಅದರದ್ದು. ಸತಿ ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದಿದ್ದು 1829ರ ಡಿಸೆಂಬರ್‌ನಲ್ಲಿ. ಕವಿತೆ ಕಾನೂನಿಗಿಂತ ಮೊದಲೇ ಬಂದಿತ್ತು.

ಭಾರತವನ್ನು ತಾಯ್ನಾಡು ಎಂದು ಕರೆದು ಇಂಗ್ಲಿಷಿನಲ್ಲಿ ಪದ್ಯ ಬರೆದ ಮೊದಲಿಗರಲ್ಲೂ ಡಿರೋಜಿಯೊ ಒಬ್ಬ. ಈ ದೇಶಕ್ಕೆ ಸೇರಿದವನೇ ಅಲ್ಲ ಎಂದು ಎರಡೂ ಕಡೆಯವರು ಅನುಮಾನಿಸುತ್ತಿದ್ದ ಹುಡುಗ ಅದನ್ನು ಬರೆದ ಅನ್ನೋದು ಗಮನದಲ್ಲಿರಲಿ.

ಹದಿನೇಳರ ಮೇಷ್ಟ್ರು

1826ರಲ್ಲಿ, ಹದಿನೇಳರ ವಯಸ್ಸಿಗೆ, ಡಿರೋಜಿಯೊ ಹಿಂದೂ ಕಾಲೇಜಿಗೆ ಇಂಗ್ಲಿಷ್ ಸಾಹಿತ್ಯ ಮತ್ತು ಇತಿಹಾಸದ ಮೇಷ್ಟ್ರಾಗಿ ಸೇರಿದ. 1817ರಲ್ಲಿ ಕಲ್ಕತ್ತಾದ ಸಿರಿವಂತ ಹಿಂದೂಗಳು ಕಟ್ಟಿದ ಕಾಲೇಜು ಅದು. ತಮ್ಮ ಮಕ್ಕಳು ಇಂಗ್ಲಿಷ್ ಕಲಿಯಬೇಕು, ಆದರೆ ಮನೆಯ ಆಚಾರ ಕೆಡಬಾರದು ಅನ್ನೋದು ಅವರ ಲೆಕ್ಕ. ರಾಮಮೋಹನ ರಾಯರು ಸಮಿತಿಯಲ್ಲಿದ್ದರೆ ತಾವು ಬರುವುದಿಲ್ಲ ಎಂದು ಮಡಿವಂತರು ಪಟ್ಟು ಹಿಡಿದಿದ್ದಕ್ಕೆ, ರಾಯರೇ ಹಿಂದೆ ಸರಿದಿದ್ದರು. ಅಂಥ ಜಾಗಕ್ಕೆ ಈ ಹುಡುಗ ಬಂದ.

ಶಿಷ್ಯರಿಗೂ ಮೇಷ್ಟ್ರಿಗೂ ವಯಸ್ಸಿನ ಅಂತರ ನಾಲ್ಕಾರು ವರ್ಷ ಅಷ್ಟೇ. ಕ್ಲಾಸು ಮುಗಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ, ಆತನ ಮನೆಯಲ್ಲಿ ಮುಂದುವರಿಯುತ್ತಿತ್ತು. 1828ರಲ್ಲಿ ಅದೇ ‘ಅಕಾಡೆಮಿಕ್ ಅಸೋಸಿಯೇಷನ್’ ಎಂಬ ಚರ್ಚಾಕೂಟವಾಯಿತು. ವಿಧಿ ಇದೆಯಾ? ದೇವರಿದ್ದಾನಾ? ವಿಗ್ರಹಪೂಜೆ ಬೇಕಾ? ದೇಶಪ್ರೇಮ ಅಂದರೇನು? ಹೀಗೆ ಎಲ್ಲವೂ ಚರ್ಚೆಗೆ ಬರುತ್ತಿತ್ತು. ಡಿರೋಜಿಯೊನ ಕ್ರಮ ಸರಳ. ದೇವರ ಬಗ್ಗೆ ಹ್ಯೂಮ್ ಎತ್ತಿದ ಅನುಮಾನಗಳನ್ನೂ ಓದಿಸುವುದು, ಅದಕ್ಕೆ ಬೇರೆಯವರು ಕೊಟ್ಟ ಉತ್ತರಗಳನ್ನೂ ಓದಿಸುವುದು. ತೀರ್ಮಾನ ಹುಡುಗರಿಗೆ ಬಿಟ್ಟಿದ್ದು.

ಹುಡುಗರು ತೀರ್ಮಾನಿಸಿದರು. ಕೆಲವರು ಸಂಧ್ಯಾವಂದನೆಯ ಹೊತ್ತಿಗೆ ಮಂತ್ರದ ಬದಲು ಹೋಮರನ ಸಾಲು ಹೇಳತೊಡಗಿದರು. ಕೋರ್ಟಿನಲ್ಲಿ ಗಂಗಾಜಲ ಮುಟ್ಟಿ ಪ್ರಮಾಣ ಮಾಡಲು ರಸಿಕಕೃಷ್ಣ ಮಲ್ಲಿಕ್ ಒಪ್ಪಲಿಲ್ಲ. 1830ರಲ್ಲಿ ಶಿಷ್ಯರು ‘ಪಾರ್ಥೆನಾನ್’ ಎಂಬ ಪತ್ರಿಕೆ ತಂದರು, ಒಂದು ಸಂಚಿಕೆ ಬರುತ್ತಲೇ ಕಾಲೇಜಿನವರು ಅದನ್ನು ನಿಲ್ಲಿಸಿದರು. ಮನೆಮನೆಯಲ್ಲೂ ಜಗಳ ಶುರುವಾಯಿತು. ತಂದೆತಾಯಿಯರು ಮಕ್ಕಳನ್ನು ಕಾಲೇಜು ಬಿಡಿಸತೊಡಗಿದರು. ಜೊತೆಗೆ ಗಾಳಿಸುದ್ದಿ. ವಾಟ್ಸಾಪ್ ಇಲ್ಲದ ಕಾಲದಲ್ಲೂ ಅದು ಏನೂ ಕಮ್ಮಿ ಇರಲಿಲ್ಲ. ಮೇಷ್ಟ್ರ ತಂಗಿಗೂ ಒಬ್ಬ ಹಿಂದೂ ಯುವಕನಿಗೂ ಮದುವೆಯಂತೆ, ಅಣ್ಣ ತಂಗಿ ಮದುವೆಯಾದರೂ ತಪ್ಪಿಲ್ಲ ಅಂತ ಕಲಿಸುತ್ತಾನಂತೆ ಎಂಬಂಥವು.

ಆ ಮೀಟಿಂಗ್

1831ರ ಏಪ್ರಿಲ್ 23. ಡಿರೋಜಿಯೊಗೆ 22 ತುಂಬಿ ಐದು ದಿನವಾಗಿತ್ತು. ಆಡಳಿತ ಮಂಡಳಿ ಸೇರಿತು. ಆತನನ್ನು ತೆಗೆಯಬೇಕೆಂಬ ಪ್ರಸ್ತಾಪ ರಾಮಕಮಲ್ ಸೇನ್ ಅವರದ್ದು.

ಸಭೆಯ ಮುಂದೆ ಎರಡು ಪ್ರಶ್ನೆ ಬಂದವು. ಮೊದಲನೆಯದು, ಈ ಮನುಷ್ಯ ಮಕ್ಕಳಿಗೆ ಪಾಠ ಹೇಳಲು ಅಯೋಗ್ಯನೇ? ರಾಧಾಕಾಂತ ದೇವ್‌ರಂಥ ಕೆಲವರು ಹೌದು ಎಂದರು. ಆದರೆ ಬಹುಮತ ಒಪ್ಪಲಿಲ್ಲ. ತಾವು ಕೇಳಿದ್ದೆಲ್ಲ ಬರೀ ಸುದ್ದಿ ಎಂದವರಿದ್ದರು, ಪುರಾವೆ ಇಲ್ಲದ ಕಾರಣ ಆತ ನಿರ್ದೋಷಿ ಎಂದವರಿದ್ದರು. ಎರಡನೆಯ ಪ್ರಶ್ನೆ, ಊರಿನ ಹಿಂದೂಗಳ ಸದ್ಯದ ಭಾವನೆಯನ್ನು ನೋಡಿದರೆ ಆತನನ್ನು ತೆಗೆಯುವುದು ಒಳ್ಳೆಯದೇ? ಇದಕ್ಕೆ ಬಹುಮತ ಹೌದು ಎಂದಿತು. ಕೆಲವೇ ಕ್ಷಣ ಮೊದಲು ನಿರ್ದೋಷಿ ಎಂದಿದ್ದ ಪ್ರಸನ್ನಕುಮಾರ್ ಠಾಕೂರರೂ ಅದೇ ಸಾಲಿಗೆ ಸೇರಿದರು. ಬೇಡ ಎಂದವರು ಶ್ರೀಕೃಷ್ಣ ಸಿಂಹ ಒಬ್ಬರೇ. ಸಭೆಯಲ್ಲಿದ್ದ ಬ್ರಿಟಿಷರಾದ ಸಂಸ್ಕೃತ ಪಂಡಿತ ಎಚ್.ಎಚ್. ವಿಲ್ಸನ್ ಮತ್ತು ಶಿಕ್ಷಣಪ್ರೇಮಿ ಡೇವಿಡ್ ಹೇರ್, ಇದು ಹಿಂದೂಗಳ ಭಾವನೆಯ ವಿಷಯ ಎಂದು ಮತ ಹಾಕದೆ ಉಳಿದರು.

ಇನ್ನೊಮ್ಮೆ ಓದಿ ನೋಡಿ. ತಪ್ಪು ಮಾಡಿಲ್ಲ ಅಂತ ಗೊತ್ತು. ಆದರೂ ಹೊರಗೆ ಹಾಕೋಣ, ಯಾಕಂದ್ರೆ ಜನ ಸಿಟ್ಟಾಗಿದ್ದಾರೆ. ಹೇರ್ ಮತ್ತು ವಿಲ್ಸನ್ ಇಬ್ಬರೂ ಡಿರೋಜಿಯೊಗೆ ಹತ್ತಿರದವರೇ. ಅವರ ಮೌನದಿಂದ ಆತನಿಗೆ ಯಾವ ಉಪಯೋಗವೂ ಆಗಲಿಲ್ಲ.

ಡಿರೋಜಿಯೊ ಎರಡು ದಿನದಲ್ಲಿ ರಾಜೀನಾಮೆ ಕೊಟ್ಟ. ಆರೋಪ ಏನೆಂದು ತಿಳಿಸದೆ, ತನ್ನ ಮಾತನ್ನೂ ಕೇಳದೆ ತೀರ್ಪು ಕೊಟ್ಟಿದ್ದೀರಿ ಎಂದು ಅದರಲ್ಲಿ ಬರೆದ. ಆಮೇಲಷ್ಟೇ ವಿಲ್ಸನ್ ಕಾಗದ ಬರೆದು ಮೂರು ಪ್ರಶ್ನೆ ಕೇಳಿದರು: ದೇವರನ್ನು ನಂಬುತ್ತೀಯಾ, ತಂದೆತಾಯಿಗೆ ವಿಧೇಯರಾಗಬೇಕಿಲ್ಲ ಅಂತ ಕಲಿಸಿದೆಯಾ, ಅಣ್ಣ ತಂಗಿ ಮದುವೆ ಸರಿ ಅಂದೆಯಾ? ಶಿಕ್ಷೆ ಮೊದಲು, ವಿಚಾರಣೆ ಆಮೇಲೆ! ಆತ ಮೂರಕ್ಕೂ ವಿವರವಾಗಿ ಉತ್ತರ ಕೊಟ್ಟ. ಕೊನೆಯ ಎರಡು ಶುದ್ಧ ಸುಳ್ಳು, ಅಪ್ಪನ ಜೊತೆ ಮುನಿಸಿಕೊಂಡು ಮನೆ ಬಿಡಲು ಹೊರಟ ಶಿಷ್ಯನನ್ನು ತಡೆದವನೇ ತಾನು. ದೇವರ ವಿಷಯದಲ್ಲಿ ವಾದದ ಎರಡೂ ಬದಿಯನ್ನು ಕಲಿಸಿದ್ದೇನೆ, ಒಂದೇ ಬದಿ ತೋರಿಸಿದ್ದರೆ ಅದು ಕಲಿಸಿದಂತಾಗುತ್ತಿರಲಿಲ್ಲ ಎಂದ. ಕೆಲಸ ಮಾತ್ರ ವಾಪಸ್ ಬರಲಿಲ್ಲ.

ಎಂಟು ತಿಂಗಳು

ಜೂನ್‌ನಲ್ಲಿ ಡಿರೋಜಿಯೊ ‘ದಿ ಈಸ್ಟ್ ಇಂಡಿಯನ್’ ಪತ್ರಿಕೆ ಶುರು ಮಾಡಿದ. ಡಿಸೆಂಬರ್‌ನಲ್ಲಿ ಕಾಲರಾ ಬಂತು. ಶಿಷ್ಯರು ಹಾಸಿಗೆಯ ಪಕ್ಕದಲ್ಲೇ ಇದ್ದು ಆರೈಕೆ ಮಾಡಿದರು. 1831ರ ಡಿಸೆಂಬರ್ 26ರಂದು ಆತ ತೀರಿಕೊಂಡ. ಇನ್ನೂ 22 ದಾಟಿರಲಿಲ್ಲ.

ಆತನನ್ನು ಸಂತ ಮಾಡುವ ಆಸೆ ನನಗಿಲ್ಲ. ಆ ಕ್ಲಾಸ್‌ರೂಮಿನಲ್ಲಿ ದಲಿತ ಹುಡುಗರಿರಲಿಲ್ಲ, ಮುಸ್ಲಿಮರಿರಲಿಲ್ಲ, ಹೆಣ್ಣುಮಕ್ಕಳಿರಲಿಲ್ಲ. ಜಾತಿಯ ಬಗ್ಗೆ ಅಷ್ಟು ಜೋರಾಗಿ ಮಾತಾಡಿದ್ದು ಜಾತಿಯ ಬಾಗಿಲು ಹಾಕಿಕೊಂಡ ಕಾಲೇಜಿನೊಳಗೆ. ಶಿಷ್ಯರ ಬಂಡಾಯಕ್ಕೆ ಹುಡುಗಾಟವೂ ಬೆರೆತಿತ್ತು. 1831ರ ಆಗಸ್ಟ್‌ನಲ್ಲಿ ಬಳಗದ ಕೃಷ್ಣಮೋಹನ್ ಬ್ಯಾನರ್ಜಿ ಮನೆಯಲ್ಲಿಲ್ಲದಾಗ, ಗೆಳೆಯರು ಅಲ್ಲೇ ಗೋಮಾಂಸ ತಿಂದು ಮೂಳೆಯನ್ನು ಪಕ್ಕದ ಬ್ರಾಹ್ಮಣರ ಮನೆಗೆ ಎಸೆದರು. ಮನೆ ಬಿಟ್ಟು ಬೀದಿಗೆ ಬೀಳಬೇಕಾಗಿದ್ದು ಕೃಷ್ಣಮೋಹನ್. ಏನು ತಿನ್ನಬೇಕು ಅನ್ನೋದು ಅವರವರ ಇಷ್ಟ. ನೆರೆಮನೆಗೆ ಮೂಳೆ ಎಸೆಯುವುದು ವಿಚಾರವಾದವೇನಲ್ಲ.

ಆದರೆ ಅದೇ ಹುಡುಗರು ದೊಡ್ಡವರಾಗಿ ಏನು ಮಾಡಿದರು ಅನ್ನೋದನ್ನೂ ಲೆಕ್ಕಕ್ಕೆ ತಗೋಬೇಕು. ರಾಮತನು ಲಾಹಿರಿ ಜನಿವಾರ ತೆಗೆದುಹಾಕಿ, ಬಹಿಷ್ಕಾರ ಸಹಿಸಿಕೊಂಡು, ಬದುಕಿಡೀ ಮೇಷ್ಟ್ರಾಗಿ ದುಡಿದರು. ಹೆಣ್ಣುಮಕ್ಕಳಿಗಾಗಿ 1849ರಲ್ಲಿ ಶುರುವಾದ ಬೆಥೂನ್ ಶಾಲೆಗೆ ದಕ್ಷಿಣಾರಂಜನ್ ಮುಖರ್ಜಿ ಜಾಗ ಕೊಟ್ಟರು. ಪ್ಯಾರಿಚಾಂದ್ ಮಿತ್ರ ಆಡುಮಾತಿನ ಬಂಗಾಳಿಯಲ್ಲಿ ಕಾದಂಬರಿ ಬರೆದರು. ರಾಧಾನಾಥ್ ಸಿಕ್ದಾರ್ ಸರ್ವೇ ಇಲಾಖೆ ಸೇರಿ, ಆಗ ‘ಪೀಕ್ 15’ ಎನ್ನುತ್ತಿದ್ದ ಶಿಖರವೇ ಜಗತ್ತಿನಲ್ಲಿ ಅತಿ ಎತ್ತರದ್ದು ಎಂದು 1852ರ ಹೊತ್ತಿಗೆ ಲೆಕ್ಕ ಹಾಕಿದರು. ಇವತ್ತಿನ ಎವರೆಸ್ಟ್ ಅದೇ. ಇಂಜಿನಿಯರಿಂಗ್ ಓದುವಾಗ ನಾನೂ ಬಿಸಿಲಲ್ಲಿ ಥಿಯೊಡೊಲೈಟ್ ಹಿಡಿದು ಸರ್ವೇ ಪ್ರಾಕ್ಟಿಕಲ್ ಮಾಡಿದ್ದೀನಿ. ರಾಧಾನಾಥರ ಹೆಸರನ್ನು ಅಲ್ಲಿ ಯಾರೂ ಹೇಳಲಿಲ್ಲ. ಅವರ ಹಿಂದೆ ಒಬ್ಬ ಕವಿತೆ ಮೇಷ್ಟ್ರಿದ್ದ ಅನ್ನೋದು ಸಿಲಬಸ್‌ಗೆ ಬರುವುದಂತೂ ದೂರದ ಮಾತು.

ಹಿಂದೂ ಕಾಲೇಜು ಮುಂದೆ ಪ್ರೆಸಿಡೆನ್ಸಿ ಕಾಲೇಜಾಯಿತು, ಈಗ ವಿಶ್ವವಿದ್ಯಾಲಯ. ಅಲ್ಲಿನ ಸಭಾಂಗಣಕ್ಕೆ ಡಿರೋಜಿಯೊ ಹೆಸರಿದೆ. 2009ರಲ್ಲಿ ಅಂಚೆ ಚೀಟಿಯೂ ಬಂತು. ಸತ್ತ ಮೇಷ್ಟ್ರಿಗೆ ಗೌರವ ಕೊಡೋದು ಸುಲಭ, ಅವರಿಂದ ಯಾರ ಭಾವನೆಗೂ ಧಕ್ಕೆ ಆಗಲ್ಲ.

ಬದುಕಿರುವ ಮೇಷ್ಟ್ರ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ಆಡಳಿತ ಮಂಡಳಿಗಳು ಈಗಲೂ ಮೊದಲ ಪ್ರಶ್ನೆಯನ್ನು ಬಿಟ್ಟು ಎರಡನೆಯದಕ್ಕೆ ಹಾರುತ್ತವೆ. ಪಾಠದಲ್ಲಿ ಏನು ಹೇಳಿದರು ಅಂತ ಯಾರೂ ಕೇಳಲ್ಲ. ಹೊರಗೆ ಎಷ್ಟು ಜನ ಸೇರಿದ್ದಾರೆ ಅಂತ ಎಣಿಸುತ್ತಾರೆ. ನಿಮ್ಮ ಕಾಲೇಜಿನಲ್ಲಿ ಹಾಗಾದ ದಿನ ಡೆಸ್ಕ್ ಹತ್ತಿ ನಿಲ್ಲದಿದ್ದರೂ ಪರವಾಗಿಲ್ಲ. ಆರೋಪ ಏನು, ಪುರಾವೆ ಎಲ್ಲಿ, ಮೇಷ್ಟ್ರ ಮಾತು ಕೇಳಿದಿರಾ ಅಂತ ಒಂದು ಅರ್ಜಿಯನ್ನಾದರೂ ಬರೆದು ಕೊಡಿ. ಡಿರೋಜಿಯೊ ತನ್ನ ರಾಜೀನಾಮೆಯಲ್ಲಿ ಕೇಳಿದ್ದೂ ಅಷ್ಟನ್ನೇ.