ಎದುರಾಳಿಯ ಕೈ ಓದಿ ನಾಲ್ಕು ಸಲ ವಿಶ್ವ ಚಾಂಪಿಯನ್ ಆದ ರಿಚರ್ಡ್ ಬರ್ಗ್‌ಮನ್

ಬಾಳಗಡಿ: ಮಳೆಗಾಲ ಶುರುವಾದ್ರೆ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಮೈದಾನದ ಆಟಗಳೆಲ್ಲ ಬಂದ್. ಕಬಡ್ಡಿ ಅಂಕಣದಲ್ಲಿ ಕೆಸರು, ವಾಲಿಬಾಲ್ ನೆಟ್ ಮಡಚಿ ಒಳಗೆ. ಆಮೇಲೆ ಉಳಿಯೋದು ಕೇರಂ, ಚೆಸ್, ಟೇಬಲ್ ಇದ್ದ ಕಡೆ ಟೇಬಲ್ ಟೆನಿಸ್. ಈ ಆಟ ಹೊಸದಾಗಿ ಕಲಿಯೋ ಹುಡುಗ್ರು ಸೋಲೋದು ಹೆಚ್ಚಾಗಿ ಸ್ಮ್ಯಾಶ್‌ಗೆ ಅಲ್ಲ, ಸರ್ವ್‌ಗೆ. ಎದುರಿನವ ಬ್ಯಾಟಲ್ಲಿ ಚೆಂಡನ್ನು ಒರೆಸಿದ ಹಾಗೆ ಮಾಡಿ ಬಿಡ್ತಾನೆ. ನೋಡಿದ್ರೆ ಮೆಲ್ಲಗೆ ಬರೋ ಚೆಂಡು. ಬ್ಯಾಟ್ ಕೊಟ್ಟರೆ ಸೀದಾ ನೆಟ್‌ಗೆ ಬೀಳುತ್ತೆ, ಇಲ್ಲಾಂದ್ರೆ ಪಕ್ಕಕ್ಕೆ ಹಾರುತ್ತೆ.

ಈ ಕಷ್ಟಕ್ಕೆ ಉತ್ತರ ಹುಡುಕಿಕೊಂಡೇ ವಿಶ್ವ ಚಾಂಪಿಯನ್ ಆದ ಒಬ್ಬ ಆಟಗಾರ ಇದ್ದರು. ಹೆಸರು ರಿಚರ್ಡ್ ಬರ್ಗ್‌ಮನ್. 1937, 1939, 1948 ಮತ್ತು 1950ರಲ್ಲಿ ಪುರುಷರ ಸಿಂಗಲ್ಸ್ ವಿಶ್ವ ಚಾಂಪಿಯನ್. ಹೊಡೆದು ಗೆಲ್ಲುವುದಕ್ಕಿಂತ ವಾಪಸ್ ಕಳಿಸಿ ಗೆಲ್ಲುವುದು ಅವರ ದಾರಿ. ಆ ನಾಲ್ಕು ಇಸವಿಗಳ ನಡುವೆ ಒಂದು ದೇಶ ಕೈತಪ್ಪಿ ಹೋಗಿದೆ, ಒಂದು ಮಹಾಯುದ್ಧ ಬಂದು ಹೋಗಿದೆ. 1952ರಲ್ಲಿ ಅವರು ಬೊಂಬಾಯಿಗೂ ಬಂದು ಆಡಿದ್ದರು. ಅಲ್ಲಿ ಕಂಡ ಒಂದು ಹೊಸ ಬ್ಯಾಟ್ ಈ ಆಟವನ್ನೇ ಬದಲಾಯಿಸಿತು.

ವಿಯೆನ್ನಾದ ಹುಡುಗ

ಬರ್ಗ್‌ಮನ್ ಹುಟ್ಟಿದ್ದು 1919ರ ಏಪ್ರಿಲ್ 10ರಂದು, ಆಸ್ಟ್ರಿಯಾದ ವಿಯೆನ್ನಾದಲ್ಲಿ, ಯಹೂದಿ ಮೂಲದ ಕುಟುಂಬದಲ್ಲಿ. ಆಗ ಮಧ್ಯ ಯುರೋಪಿನಲ್ಲಿ ಟೇಬಲ್ ಟೆನಿಸ್ ಅಂದ್ರೆ ದೊಡ್ಡ ಆಟ. ಪಕ್ಕದ ಹಂಗೇರಿಯ ವಿಕ್ಟರ್ ಬಾರ್ನಾ ಐದು ಸಲ ಸಿಂಗಲ್ಸ್ ವಿಶ್ವ ಚಾಂಪಿಯನ್ ಆಗಿ ಮೆರೆದ ಕಾಲ ಅದು. 1936ರಲ್ಲಿ ಪ್ರಾಗ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆಸ್ಟ್ರಿಯಾ ಪುರುಷರ ತಂಡ ಪ್ರಶಸ್ತಿಯಾದ ಸ್ವೇತ್ಲಿಂಗ್ ಕಪ್ ಗೆದ್ದಿತು. ಆ ತಂಡದಲ್ಲಿ ಬರ್ಗ್‌ಮನ್ ಇದ್ದರು. ವಯಸ್ಸು ಇನ್ನೂ 16.

ಆಗಿನ ಆಟ ಹೇಗಿತ್ತು ಅಂತ ಸ್ವಲ್ಪ ತಿಳ್ಕೊಂಡ್ರೆ ಮುಂದಿನದು ಅರ್ಥ ಆಗುತ್ತೆ. ಬ್ಯಾಟ್ ಅಂದ್ರೆ ಮರದ ಹಲಗೆ, ಅದರ ಮೇಲೆ ಸಣ್ಣ ಸಣ್ಣ ಗುಬುಟುಗಳಿರುವ ತೆಳು ರಬ್ಬರ್ ಹಾಳೆ, ಅಷ್ಟೇ. ಇವತ್ತಿನ ಹಾಗೆ ನಡುವೆ ಸ್ಪಂಜ್ ಇಲ್ಲ. ನೆಟ್ ಈಗಿನದಕ್ಕಿಂತ ಎತ್ತರ. ಹೊಡೆದು ಪಾಯಿಂಟ್ ಮುಗಿಸೋದು ಕಷ್ಟ, ತಾಳ್ಮೆಯಿಂದ ವಾಪಸ್ ಕಳಿಸ್ತಾ ಇರೋದು ಸುಲಭ. ಪ್ರಾಗ್‌ನ ಅದೇ ಕೂಟದಲ್ಲಿ ಪೋಲೆಂಡಿನ ಅಲೋಯಿಸ್ ಎರ್ಲಿಖ್ ಮತ್ತು ರೊಮೇನಿಯಾದ ಫರ್ಕಾಶ್ ಪಾನೆತ್ ಆಡಿದ ಒಂದೇ ಒಂದು ಪಾಯಿಂಟ್ ಎರಡು ಗಂಟೆಗೂ ಹೆಚ್ಚು ಹೊತ್ತು ನಡೆಯಿತು. ಇದಾದ ಮೇಲೆ ನೆಟ್ ಎತ್ತರ ತಗ್ಗಿಸಿದರು, ಆಟಕ್ಕೆ ಸಮಯದ ಮಿತಿ ತಂದರು.

ಬೆರಳಲ್ಲಿ ತಿರುಗಿಸಿ ಬಿಟ್ಟ ಸರ್ವ್

ಮುಂದಿನ ವರ್ಷ, 1937ರ ವಿಶ್ವ ಚಾಂಪಿಯನ್‌ಶಿಪ್ ನಡೆದಿದ್ದು ವಿಯೆನ್ನಾ ಹತ್ತಿರದ ಬಾಡೆನ್ ಊರಲ್ಲಿ. ಬರ್ಗ್‌ಮನ್‌ಗೆ ಮನೆ ಬಾಗಿಲ ಪಂದ್ಯ. ಅಲ್ಲಿಗೆ ಅಮೆರಿಕದ ತಂಡ ಒಂದು ವಿಚಿತ್ರ ಸರ್ವ್ ತಂದಿತ್ತು. ಸಾಲ್ ಶಿಫ್ ಎಂಬ ಆಟಗಾರ ಅದರಲ್ಲಿ ಪಳಗಿದವರು. ಚೆಂಡು ಹಿಡಿದ ಕೈಯ ಬೆರಳುಗಳಿಂದಲೇ ಚೆಂಡನ್ನು ಬ್ಯಾಟಿಗೆ ಒತ್ತಿ ತಿರುಗಿಸಿ ಬಿಡೋದು. ಬುಗುರಿ ತಿರುಗಿದ ಹಾಗೆ ಚೆಂಡು ತಿರುಗ್ತಾ ಬರುತ್ತೆ.

ಇದರಲ್ಲಿ ತೊಂದರೆ ಏನು? ಮಾಮೂಲಿ ಸರ್ವ್‌ನಲ್ಲಿ ಚೆಂಡು ಯಾವ ಕಡೆ ತಿರುಗುತ್ತೆ ಅನ್ನೋದನ್ನು ಬ್ಯಾಟ್ ಹೇಳಿಬಿಡುತ್ತೆ. ಬ್ಯಾಟ್ ಚೆಂಡಿನ ಅಡಿಯಿಂದ ಮುಂದಕ್ಕೆ ಜಾರಿದ್ರೆ ಬ್ಯಾಕ್ ಸ್ಪಿನ್. ಅಂಥ ಚೆಂಡಿಗೆ ಬ್ಯಾಟ್ ನೆಟ್ಟಗೆ ಹಿಡಿದರೆ ಅದು ಕೆಳಕ್ಕೆ, ನೆಟ್‌ಗೆ ಹೋಗುತ್ತೆ. ಬ್ಯಾಟಿನ ಮುಖ ಸ್ವಲ್ಪ ಮೇಲಕ್ಕೆ ತೆರೆದು ಅಡಿಯಿಂದ ಮೆಲ್ಲಗೆ ತಳ್ಳಬೇಕು. ಬ್ಯಾಟ್ ಚೆಂಡಿನ ಹಿಂಬದಿಯಿಂದ ಮೇಲಕ್ಕೆ ಉಜ್ಜಿದ್ರೆ ಟಾಪ್ ಸ್ಪಿನ್. ಅದಕ್ಕೆ ಬ್ಯಾಟಿನ ಮುಖ ಮುಚ್ಚಿ ಹಿಡಿಬೇಕು, ಇಲ್ಲಾಂದ್ರೆ ಟೇಬಲ್ ದಾಟಿ ಹಾರುತ್ತೆ. ಪಕ್ಕಕ್ಕೆ ಉಜ್ಜಿದ್ರೆ ಸೈಡ್ ಸ್ಪಿನ್. ಅದು ಬ್ಯಾಟಿಗೆ ಬಡಿದ ಕೂಡಲೇ ಒಂದು ಕಡೆ ಎಳೆದುಕೊಂಡು ಹೋಗುತ್ತೆ, ಅಷ್ಟನ್ನು ಲೆಕ್ಕ ಹಾಕಿ ಇನ್ನೊಂದು ಕಡೆ ಗುರಿ ಇಡಬೇಕು. ಇದೆಲ್ಲ ಸಾಧ್ಯ ಆಗೋದು ಬ್ಯಾಟ್ ಮಾಡಿದ ಕೆಲಸ ಕಣ್ಣಿಗೆ ಕಂಡ್ರೆ ಮಾತ್ರ. ಬೆರಳಿನ ಸರ್ವ್‌ನಲ್ಲಿ ಕೆಲಸ ಮಾಡೋದು ಬೆರಳು, ಬ್ಯಾಟ್ ಹೇಳೋದು ಸುಳ್ಳು.

ಬಾಡೆನ್‌ನಲ್ಲಿ ಪುರುಷರ ಮತ್ತು ಮಹಿಳೆಯರ ತಂಡ ಪ್ರಶಸ್ತಿ ಎರಡನ್ನೂ ಅಮೆರಿಕವೇ ಒಯ್ದಿತು. ಆದರೆ ಅದೇ ಕೂಟದ ಪುರುಷರ ಸಿಂಗಲ್ಸ್ ಪ್ರಶಸ್ತಿ ಅಮೆರಿಕದ ಪಾಲಾಗಲಿಲ್ಲ. ಟೇಬಲ್‌ನಿಂದ ದೂರ ಹಿಂದೆ ನಿಂತು, ಬಂದ ಚೆಂಡನ್ನೆಲ್ಲ ಚಾಪ್ ಮಾಡಿ ವಾಪಸ್ ಕಳಿಸುತ್ತಿದ್ದ ಆತಿಥೇಯ ದೇಶದ ಹುಡುಗ ಬರ್ಗ್‌ಮನ್ ಗೆದ್ದರು. ಫೈನಲ್‌ನಲ್ಲಿ ಸೋತವರು ಅದೇ ಎರಡು ಗಂಟೆ ಪಾಯಿಂಟಿನ ಎರ್ಲಿಖ್. ಬರ್ಗ್‌ಮನ್ ವಯಸ್ಸು ಆಗ 17. ಬೆರಳಿನಿಂದ ಸ್ಪಿನ್ ಕೊಡೋ ಸರ್ವ್ ಆಮೇಲೆ ನಿಷೇಧ ಆಯಿತು.

ಹಿಂದೆ ನಿಂತು ಆಡುವವನಿಗೆ ಒಂದು ಅನುಕೂಲ ಇದೆ, ಒಂದು ಕಷ್ಟವೂ ಇದೆ. ಚೆಂಡು ಬರೋಕೆ ಸ್ವಲ್ಪ ಹೆಚ್ಚು ಸಮಯ ಸಿಗುತ್ತೆ, ಅಷ್ಟರಲ್ಲಿ ಅದರ ಹಾರಾಟ ನೋಡಿ ಸ್ಪಿನ್ ಪಕ್ಕಾ ಮಾಡ್ಕೋಬಹುದು. ಬ್ಯಾಕ್ ಸ್ಪಿನ್ ಇರೋ ಚೆಂಡು ಗಾಳಿಯಲ್ಲಿ ತೇಲಿದ ಹಾಗೆ ಬರುತ್ತೆ, ಟಾಪ್ ಸ್ಪಿನ್ ಚೆಂಡು ಬೇಗ ಕೆಳಗಿಳಿದು ಬಿದ್ದ ಕೂಡಲೇ ಮುಂದಕ್ಕೆ ನುಗ್ಗುತ್ತೆ. ಕಷ್ಟ ಏನಂದ್ರೆ ಓಡಬೇಕು. ನೆಟ್ ಪಕ್ಕ ಬಿದ್ದ ಚೆಂಡಿಗೂ, ಹತ್ತು ಹದಿನೈದು ಅಡಿ ಹಿಂದಕ್ಕೆ ಬಂದ ಚೆಂಡಿಗೂ ಒಂದೇ ಕಾಲು ಮುಟ್ಟಬೇಕು. ಬರ್ಗ್‌ಮನ್ ಆಟದ ಹೆಸರಿದ್ದದ್ದೇ ಈ ಓಟಕ್ಕೆ, ಬಿಟ್ಟುಕೊಡದ ಹಟಕ್ಕೆ.

ದೇಶವೇ ಇಲ್ಲದಾಯ್ತು

1938ರ ಆರಂಭದಲ್ಲಿ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಬರ್ಗ್‌ಮನ್ ಫೈನಲ್ ತನಕ ಬಂದು ಜೆಕೊಸ್ಲೊವಾಕಿಯಾದ ಬೊಹುಮಿಲ್ ವಾನಾ ಎದುರು ಸೋತರು. ಸೋಲು ಮರೆಯೋಕೆ ಪುರುಸೊತ್ತೂ ಸಿಗಲಿಲ್ಲ. ಅದೇ ಮಾರ್ಚ್‌ನಲ್ಲಿ ಹಿಟ್ಲರ್ ಸೇನೆ ಆಸ್ಟ್ರಿಯಾದೊಳಗೆ ಬಂತು, ಆಸ್ಟ್ರಿಯಾ ಜರ್ಮನಿಗೆ ಸೇರಿಹೋಯಿತು. ವಿಯೆನ್ನಾದ ಯಹೂದಿಗಳ ಕೆಲಸ, ಮನೆ, ಅಂಗಡಿ ಎಲ್ಲದರ ಮೇಲೆ ಕಣ್ಣು ಬಿತ್ತು. ಹಿಂದಿನ ವರ್ಷ ಅದೇ ನೆಲದಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಹುಡುಗ ಊರು ಬಿಟ್ಟು ಇಂಗ್ಲೆಂಡ್ ಸೇರಬೇಕಾಯಿತು. ವಯಸ್ಸು 19 ತುಂಬೋ ಹೊತ್ತು.

1939ರಲ್ಲಿ ಈಜಿಪ್ಟಿನ ಕೈರೋದಲ್ಲಿ ವಿಶ್ವ ಚಾಂಪಿಯನ್‌ಶಿಪ್. ಈ ಸಲ ಬರ್ಗ್‌ಮನ್ ಹೆಸರಿನ ಮುಂದೆ ಇಂಗ್ಲೆಂಡ್ ಅಂತ ಇತ್ತು. ಫೈನಲ್‌ನಲ್ಲಿ ಎದುರು ಮತ್ತೆ ಎರ್ಲಿಖ್, ಗೆದ್ದವರು ಮತ್ತೆ ಬರ್ಗ್‌ಮನ್. ಡಬಲ್ಸ್‌ನಲ್ಲೂ ಚಿನ್ನ ಬಂತು. ಜೊತೆಗಾರ ಬೇರೆ ಯಾರೂ ಅಲ್ಲ, ವಿಕ್ಟರ್ ಬಾರ್ನಾ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರು. 1939ರ ಕೂಟದ ನಂತರ ಮುಂದಿನ ವಿಶ್ವ ಚಾಂಪಿಯನ್‌ಶಿಪ್ ನಡೆದಿದ್ದು 1947ರಲ್ಲಿ. ಎಂಟು ವರ್ಷದ ಅಂತರ. ಆಟಗಾರನಿಗೆ ಕಣ್ಣು, ಕಾಲು, ಕೈ ಮೂರೂ ಚುರುಕಾಗಿರೋ ವಯಸ್ಸು ಅದು. ಬರ್ಗ್‌ಮನ್ 20ರಿಂದ 27ರ ತನಕದ ವರ್ಷಗಳಲ್ಲಿ ಒಂದೂ ವಿಶ್ವ ಕೂಟ ಆಡಲಿಲ್ಲ. ಬ್ರಿಟನ್ನಿನ ವಾಯುಪಡೆಯಲ್ಲಿ ಕೆಲಸ ಮಾಡಿದರು. ಎರಡು ಫೈನಲ್‌ಗಳಲ್ಲಿ ಅವರ ಎದುರು ನಿಂತಿದ್ದ ಎರ್ಲಿಖ್ ಕತೆ ಇನ್ನೂ ಕಠಿಣ. ನಾಜಿಗಳು ಅವರನ್ನು ಹಿಡಿದು ಆಶ್ವಿಟ್ಜ್ ಶಿಬಿರಕ್ಕೆ ಹಾಕಿದರು. ಬದುಕಿ ಹೊರಬಂದರು ಅನ್ನೋದೇ ದೊಡ್ಡದು.

ಹತ್ತು ವರ್ಷದ ನಂತರ ಲೆಕ್ಕ ಚುಕ್ತಾ

1948ರಲ್ಲಿ ಮತ್ತೆ ಲಂಡನ್. ಫೈನಲ್‌ನಲ್ಲಿ ಮತ್ತೆ ವಾನಾ. ಹತ್ತು ವರ್ಷದ ಹಿಂದೆ ಸೋಲಿಸಿದವರು, 1947ರಲ್ಲೂ ವಿಶ್ವ ಚಾಂಪಿಯನ್ ಆಗಿದ್ದವರು, ವೇಗವಾಗಿ ಹೊಡೆಯೋ ಆಟಗಾರ. ಈ ಸಲ ಬರ್ಗ್‌ಮನ್ ಗೆದ್ದರು. 1950ರಲ್ಲಿ ಬುಡಾಪೆಸ್ಟ್‌ನಲ್ಲಿ ಹಂಗೇರಿಯ ಫೆರೆಂಕ್ ಶೋಶ್ ಅವರನ್ನು, ಅವರದೇ ಜನರ ಮುಂದೆ, ಫೈನಲ್‌ನಲ್ಲಿ ಸೋಲಿಸಿ ನಾಲ್ಕನೇ ಸಲ ಚಾಂಪಿಯನ್ ಆದರು. ಆಗ ವಯಸ್ಸು 30. ಮೊದಲ ಗೆಲುವಿಗೂ ಕೊನೇ ಗೆಲುವಿಗೂ 13 ವರ್ಷ.

ಬೊಂಬಾಯಿಯಲ್ಲಿ ಸದ್ದು ನಿಂತಿತು

ಭಾರತಕ್ಕೂ ಈ ಪೀಳಿಗೆಯ ಆಟಗಾರರಿಗೂ ಹಳೇ ನಂಟಿದೆ. ಬಾರ್ನಾ ಮತ್ತು ಅವರ ಜೊತೆಗಾರ ಲಾಸ್ಲೊ ಬೆಲ್ಲಾಕ್ ಇಲ್ಲಿಗೆ ಬಂದು ಪ್ರದರ್ಶನ ಪಂದ್ಯ ಆಡಿದ್ದರು. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಪುರುಷರ ತಂಡಗಳು ಆಡೋ ಕಪ್‌ಗೆ ಬಾರ್ನಾ-ಬೆಲ್ಲಾಕ್ ಕಪ್ ಅಂತಲೇ ಹೆಸರು.

1952ರ ಫೆಬ್ರವರಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ಮೊದಲ ಬಾರಿ ಏಷ್ಯಾಕ್ಕೆ ಬಂತು, ಅದೂ ಬೊಂಬಾಯಿಗೆ. ಬರ್ಗ್‌ಮನ್ ಇಂಗ್ಲೆಂಡ್ ತಂಡದ ಜೊತೆ ಬಂದಿದ್ದರು. ಜಪಾನಿನಿಂದ ಹಿರೋಜಿ ಸಾಟೋ ಅನ್ನೋ ಕನ್ನಡಕದ ಆಟಗಾರ ಬಂದಿದ್ದರು. ಕೈಯಲ್ಲಿದ್ದ ಬ್ಯಾಟ್ ಮೇಲೆ ಗುಬುಟು ರಬ್ಬರ್ ಬದಲು ದಪ್ಪ ಸ್ಪಂಜ್.

ಸ್ಪಂಜ್‌ನಿಂದ ಚೆಂಡು ಬೇರೆ ರೀತಿ ಬರುತ್ತೆ ಅನ್ನೋದು ಒಂದು ಕಷ್ಟ. ಇನ್ನೊಂದು ಕಷ್ಟ ಸದ್ದಿನದು. ಹಳೇ ಬ್ಯಾಟಿಗೆ ಚೆಂಡು ತಾಗಿದ್ರೆ ಟಕ್ ಅಂತ ಕೇಳ್ತಿತ್ತು. ಜೋರಾಗಿ ಹೊಡೆದ್ರೆ ಒಂದು ಸದ್ದು, ತೆಳ್ಳಗೆ ಉಜ್ಜಿ ಸ್ಪಿನ್ ಕೊಟ್ರೆ ಇನ್ನೊಂದು ಸದ್ದು. ಪಳಗಿದವರು ಕಣ್ಣಿನ ಜೊತೆ ಕಿವಿಯಲ್ಲೂ ಸ್ಪಿನ್ ಓದ್ತಿದ್ದರು. ಸಾಟೋ ಬ್ಯಾಟಿನಲ್ಲಿ ಚೆಂಡು ಸ್ಪಂಜ್ ಒಳಗೆ ಹುದುಗಿ ಸದ್ದಿಲ್ಲದೆ ಹೊರಬರ್ತಿತ್ತು. ಯುರೋಪ್, ಅಮೆರಿಕದ ಅನುಭವಿಗಳೆಲ್ಲ ತಬ್ಬಿಬ್ಬಾದರು. ಸಾಟೋ ಫೈನಲ್‌ನಲ್ಲಿ ಹಂಗೇರಿಯ ಯೋಝೆಫ್ ಕೋಚಿಯನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಡಬಲ್ಸ್‌ನಲ್ಲಿ ಬರ್ಗ್‌ಮನ್ ಮತ್ತು ಜಾನಿ ಲೀಚ್ ಫೈನಲ್ ತನಕ ಬಂದರು. ಅಲ್ಲಿ ಗೆದ್ದವರೂ ಜಪಾನಿನ ಫುಜಿ ಮತ್ತು ಹಯಾಶಿ.

ಹದಿನೈದು ವರ್ಷದ ಹಿಂದೆ ಬಾಡೆನ್‌ನಲ್ಲಿ ಮೋಸ ಅನ್ನಿಸಿದ್ದು ಬೆರಳು, ಈಗ ಸ್ಪಂಜ್. ಆದರೆ ಸ್ಪಂಜ್ ಹಿಂದಕ್ಕೆ ಹೋಗಲಿಲ್ಲ. 1959ರಲ್ಲಿ ಅಂತಾರಾಷ್ಟ್ರೀಯ ಫೆಡರೇಶನ್ ಬರೀ ಸ್ಪಂಜ್ ಬ್ಯಾಟಿಗೆ ಕಡಿವಾಣ ಹಾಕಿ, ಮೇಲೆ ರಬ್ಬರ್ ಇರಬೇಕು, ಒಟ್ಟು ದಪ್ಪ ಇಷ್ಟೇ ಇರಬೇಕು ಅಂತ ನಿಯಮ ಮಾಡಿತು. ಇವತ್ತು ಅಂಗಡಿಯಲ್ಲಿ ಸಿಗೋ ಬ್ಯಾಟ್ ಅದರ ಮುಂದುವರಿಕೆ.

ಬೊಂಬಾಯಿಯ ಮರುವರ್ಷ, 1953ರಲ್ಲಿ, ಬುಕಾರೆಸ್ಟ್‌ನಲ್ಲಿ ಇಂಗ್ಲೆಂಡ್ ಹಂಗೇರಿಯನ್ನು ಸೋಲಿಸಿ ಸ್ವೇತ್ಲಿಂಗ್ ಕಪ್ ಗೆದ್ದಿತು. ಆ ತಂಡದಲ್ಲೂ ಬರ್ಗ್‌ಮನ್ ಇದ್ದರು. ಆಸ್ಟ್ರಿಯಾಕ್ಕೆ 16ರಲ್ಲಿ ಗೆದ್ದುಕೊಟ್ಟ ಕಪ್ಪನ್ನು ಆಶ್ರಯ ಕೊಟ್ಟ ದೇಶಕ್ಕೆ 33ರಲ್ಲಿ ಗೆದ್ದುಕೊಟ್ಟರು.

ಆಟವೇ ಹೊಟ್ಟೆಪಾಡು

ಆಗ ಈ ಆಟದಲ್ಲಿ ದುಡ್ಡಿರಲಿಲ್ಲ. ಬರ್ಗ್‌ಮನ್ ವೃತ್ತಿಪರ ಆಟಗಾರರಾಗಿ, ಊರೂರು ಸುತ್ತಿ ಪ್ರದರ್ಶನ ಪಂದ್ಯ ಆಡಿ ಬದುಕು ಸಾಗಿಸಿದರು. ಅಮೆರಿಕದ ಹೆಸರಾಂತ ಬ್ಯಾಸ್ಕೆಟ್‌ಬಾಲ್ ತಂಡ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಜೊತೆಗೂ ತಿರುಗಿದರು. ಬ್ಯಾಸ್ಕೆಟ್‌ಬಾಲ್ ನೋಡೋಕೆ ಬಂದ ಜನರಿಗೆ ಟೇಬಲ್ ಟೆನಿಸ್ ತೋರಿಸೋ ಕೆಲಸ. ತಮ್ಮ ಆಟದ ಬಗ್ಗೆ ಪುಸ್ತಕವನ್ನೂ ಬರೆದರು. 1970ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ತೀರಿಕೊಂಡರು. 51 ತುಂಬೋಕೆ ಕೆಲವೇ ದಿನ ಬಾಕಿ ಇತ್ತು.

ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನ್ಯಾಯವಾಗಿ ಆಡಿದವರಿಗೆ ಕೊಡೋ ಫೇರ್ ಪ್ಲೇ ಟ್ರೋಫಿಗೆ ಆಮೇಲೆ ಅವರ ಹೆಸರಿಟ್ಟರು. ಸರ್ವ್ ನಿಯಮಗಳೂ ನಿಧಾನಕ್ಕೆ ವಾಪಸ್ ಕಳಿಸುವವನ ಕಡೆಗೇ ವಾಲಿವೆ. ಚೆಂಡು ತೆರೆದ ಅಂಗೈ ಮೇಲೆ ಇರಬೇಕು, ಕನಿಷ್ಠ 16 ಸೆಂಟಿಮೀಟರ್ ಮೇಲಕ್ಕೆ ಹಾರಿಸಬೇಕು. 1980ರ ದಶಕದಿಂದ ಬ್ಯಾಟಿನ ಎರಡು ಬದಿಗೆ ಎರಡು ಬಣ್ಣ ಕಡ್ಡಾಯ, ಯಾವ ರಬ್ಬರ್‌ನಲ್ಲಿ ಹೊಡೆದ ಅಂತ ಗೊತ್ತಾಗಲಿ ಅಂತ. 2002ರಿಂದ ಸರ್ವ್ ಮಾಡುವಾಗ ಮೈ, ಕೈ ಅಡ್ಡ ಹಿಡಿದು ಚೆಂಡು ಮುಚ್ಚುವ ಹಾಗಿಲ್ಲ.

ಕರ್ನಾಟಕದಲ್ಲೂ ಈ ಆಟಕ್ಕೆ ಒಳ್ಳೇ ಇತಿಹಾಸ ಇದೆ. ಹಿಂದಿನ ಮೈಸೂರು ರಾಜ್ಯದ ಉಷಾ ಸುಂದರರಾಜ್ 1966ರಲ್ಲೇ ಅರ್ಜುನ ಪ್ರಶಸ್ತಿ ಪಡೆದವರು. ಈ ಮಳೆಗಾಲ ಟೇಬಲ್ ಮುಂದೆ ನಿಲ್ಲೋ ಹುಡುಗ ಹುಡುಗಿಯರು ಒಂದು ಅಭ್ಯಾಸ ಮಾಡಬಹುದು. ಜೊತೆಯವರು ಇಪ್ಪತ್ತು ಸರ್ವ್ ಹಾಕಲಿ. ವಾಪಸ್ ಹೊಡೆಯೋ ಮೊದಲು ಅಡಿ, ಮೇಲೆ, ಪಕ್ಕ ಅಂತ ಬಾಯಿಬಿಟ್ಟು ಹೇಳಬೇಕು. ಚೆಂಡು ಟೇಬಲ್ ಮೇಲೆ ಬಿತ್ತೋ ಇಲ್ಲವೋ ಆಮೇಲಿನ ಮಾತು. ಎಷ್ಟು ಸರಿ ಹೇಳಿದ್ರಿ ಅಂತ ಎಣಿಸಿ, ಬದಲಾಯಿಸಿಕೊಂಡು ಮತ್ತೆ ಇಪ್ಪತ್ತು. ಇದಕ್ಕೆ ದುಬಾರಿ ಬ್ಯಾಟ್ ಬೇಡ, ಕೋಚ್ ಕೂಡ ಬೇಡ. ಎದುರಿನವರ ಕೈ ಮೇಲೆ ಕಣ್ಣಿದ್ರೆ ಸಾಕು.