ದಾಂತೆ ಜಿಯಾಕೋಸಾ: ಕಾರಿನ ಮೂತಿಯಲ್ಲಿ ಜಾಗ ಹುಡುಕಿದ ಶಿಲ್ಪಿ

ಸಿಗ್ನಲ್‌ನಲ್ಲಿ ಹಸಿರು ದೀಪ ಬೆಳಗುತ್ತದೆ. ಬಲಶಾಲಿ ಎಂಜಿನ್ನಿನ ಕಾರೊಂದರ ಚಾಲಕ ಆಕ್ಸಿಲರೇಟರನ್ನು ಒಮ್ಮೆಲೇ ತುಳಿಯುತ್ತಾನೆ. ಕಾರು ನೇರ ಹೋಗುವ ಬದಲು ಒಂದು ಪಕ್ಕಕ್ಕೆ ಎಳೆಯುತ್ತದೆ. ಸ್ಟಿಯರಿಂಗ್ ಕೈಯಿಂದ ತಪ್ಪಿಸಿಕೊಳ್ಳಲು ಹವಣಿಸುತ್ತದೆ. ಮುಂಚಕ್ರ ಚಾಲನೆಯ ಕಾರುಗಳ ಈ ಚಾಳಿಗೆ ಟಾರ್ಕ್ ಸ್ಟಿಯರ್ ಎಂದು ಹೆಸರು. ಇದರ ಒಂದು ಮುಖ್ಯ ಕಾರಣವನ್ನು ಹುಡುಕುತ್ತ ಹೋದರೆ ಇಟಲಿಯ ಟ್ಯೂರಿನ್ ನಗರದಲ್ಲಿ ಕುಳಿತು ನಕ್ಷೆ ಬರೆಯುತ್ತಿದ್ದ ಎಂಜಿನಿಯರ್ ಒಬ್ಬರ ಮೇಜನ್ನು ತಲುಪುತ್ತೇವೆ.

ದಾಂತೆ ಜಿಯಾಕೋಸಾ ಹುಟ್ಟಿದ್ದು 1905ರ ಜನವರಿ 3ರಂದು, ರೋಮ್‌ನಲ್ಲಿ. ಮನೆತನ ಮಾತ್ರ ಉತ್ತರದ ಪಿಯೆಡ್‌ಮಾಂಟ್ ಪ್ರಾಂತ್ಯದ್ದು. ಟ್ಯೂರಿನ್‌ನ ಪಾಲಿಟೆಕ್ನಿಕ್‌ನಲ್ಲಿ 1927ರಲ್ಲಿ ಪದವಿ ಪಡೆದ ಅವರು ಕೆಲಕಾಲದಲ್ಲೇ ಫಿಯೆಟ್ ಬಳಗ ಸೇರಿ, ವೃತ್ತಿಜೀವನವನ್ನೆಲ್ಲ ಅಲ್ಲಿಯೇ ಕಳೆದರು.

ಮುಂದಿನ ಚಕ್ರಗಳೇ ಕಾರನ್ನು ಎಳೆಯಬೇಕೆಂಬ ವಿಚಾರಕ್ಕೆ ಆ ಸಂಸ್ಥೆಯಲ್ಲಿ ಆರಂಭದಲ್ಲಿಯೇ ಅಪಶಕುನವಾಗಿತ್ತು. 1930ರ ದಶಕದ ಆರಂಭದಲ್ಲಿ ಒರೆಸ್ತೆ ಲಾರ್ದೋನೆ ಎಂಬ ಎಂಜಿನಿಯರ್ ಅಂತಹದೊಂದು ಪುಟ್ಟ ಕಾರನ್ನು ಸಿದ್ಧಪಡಿಸಿದ್ದರು. ಪರೀಕ್ಷಾ ಓಟದಲ್ಲಿ ಸಂಸ್ಥಾಪಕ ಜೊವಾನ್ನಿ ಆನ್ಯೆಲ್ಲಿ ಸ್ವತಃ ಕುಳಿತಿದ್ದಾಗಲೇ ಕಾರಿಗೆ ಬೆಂಕಿ ಹತ್ತಿತು. ಲಾರ್ದೋನೆ ಕೆಲಸ ಕಳೆದುಕೊಂಡರು. ಮುಂಚಕ್ರ ಚಾಲನೆಯ ಮಾತೇ ಬೇಡವೆಂದು ಆನ್ಯೆಲ್ಲಿ ಅಪ್ಪಣೆ ಮಾಡಿದರು. ಒಂದು ಬೆಂಕಿಗೆ ಇಷ್ಟು ದೀರ್ಘ ಶಿಕ್ಷೆ!

ಹೀಗಾಗಿ 1936ರಲ್ಲಿ ಜಿಯಾಕೋಸಾಗೆ ಹೆಸರು ತಂದ ಪುಟಾಣಿ ತೊಪೊಲೀನೋ ಕಾರಿನ 569 ಸಿಸಿ ಎಂಜಿನ್ ಮುಂದಿದ್ದರೂ ಹಿಂದಿನ ಚಕ್ರಗಳನ್ನೇ ತಿರುಗಿಸಿತು. 1953ರ ಹೊಸ ಫಿಯೆಟ್ 1100 ಕೂಡ ಹಾಗೆಯೇ. ಅದರ ಮುಂದಿನ ರೂಪವೇ ನಮ್ಮ ಪ್ರೀಮಿಯರ್ ಪದ್ಮಿನಿ. 2023ರವರೆಗೆ ಮುಂಬಯಿಯ ಟ್ಯಾಕ್ಸಿಯಾಗಿ ಓಡಿದ ಆ ಕಾರಿನ ಮೂಲದಲ್ಲಿ ಜಿಯಾಕೋಸಾ ಕೈವಾಡವಿತ್ತೆಂದು ಅದರಲ್ಲಿ ಕುಳಿತವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ. 1955ರ ಫಿಯೆಟ್ 600, 1957ರ ಹೊಸ 500 ಎರಡಕ್ಕೂ ಎಂಜಿನ್ ಹಿಂದೆಯೇ ಬಂತು. ಮುಂಚಕ್ರ ಚಾಲನೆಗೆ ಬೇಕಾದ ಕೀಲುಗಳು ಆಗ ದುಬಾರಿಯಾಗಿದ್ದವು.

1959ರಲ್ಲಿ ಇಂಗ್ಲೆಂಡಿನ ಅಲೆಕ್ ಇಸಿಗೊನಿಸ್ ತಮ್ಮ ಮಿನಿ ಕಾರಿನಲ್ಲಿ ಎಂಜಿನ್ನನ್ನು ಅಡ್ಡಲಾಗಿ ಇರಿಸಿ, ಗೇರ್‌ಬಾಕ್ಸನ್ನು ಅದರ ಕೆಳಗೆ ತುರುಕಿದರು. ಎರಡಕ್ಕೂ ಒಂದೇ ಎಣ್ಣೆ. ಜಿಯಾಕೋಸಾಗೆ ಇದು ಒಪ್ಪಿಗೆಯಾಗಲಿಲ್ಲ. ಅವರು ಗೇರ್‌ಬಾಕ್ಸನ್ನು ಎಂಜಿನ್ನಿನ ತುದಿಗೆ, ಒಂದೇ ಸಾಲಿನಲ್ಲಿ ಜೋಡಿಸಿದರು. ತಯಾರಿಕೆ ಸುಲಭ, ದುರಸ್ತಿಯೂ ಸುಲಭ. ಆದರೂ ಹೆದರಿಕೆ ಹೋಗಿರಲಿಲ್ಲ. ಆದ್ದರಿಂದ 1964ರಲ್ಲಿ ಈ ವಿನ್ಯಾಸ ಹೊರಬಂದದ್ದು ಫಿಯೆಟ್ ಹೆಸರಿನಲ್ಲಲ್ಲ, ಆಟೊಬಿಯಾಂಕಿ ಪ್ರಿಮುಲಾ ಎಂಬ ಹೆಸರಿನಲ್ಲಿ. ಸೋತರೂ ದೊಡ್ಡ ಹೆಸರಿಗೆ ಮಸಿ ಹತ್ತದಂತಹ ವ್ಯಾಪಾರಿ ಜಾಣ್ಮೆಯಿದು.

ಈ ಜೋಡಣೆಗೆ ತೆರಬೇಕಾದ ಬೆಲೆಯೊಂದಿತ್ತು. ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ ಕುಳಿತಾಗ, ಶಕ್ತಿಯನ್ನು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ನಡುವಿನಿಂದ ಪಕ್ಕಕ್ಕೆ ಸರಿಯುತ್ತದೆ. ಆಗ ಚಕ್ರಗಳಿಗೆ ಹೋಗುವ ಎರಡು ಡ್ರೈವ್ ಶಾಫ್ಟ್‌ಗಳಲ್ಲಿ ಒಂದು ಗಿಡ್ಡ, ಇನ್ನೊಂದು ಉದ್ದ. ವೇಗ ಹೆಚ್ಚಿಸಿದಾಗ ಕಾರಿನ ಮೂತಿ ಮೇಲೇಳುತ್ತದೆ. ಗಿಡ್ಡ ಶಾಫ್ಟ್ ಹೆಚ್ಚು ಓರೆಯಾಗುತ್ತದೆ, ಉದ್ದನೆಯದು ಕಡಿಮೆ. ಓರೆಯಾದ ಕೀಲಿನ ಮೂಲಕ ಬಲ ಹರಿದಾಗ ಅದು ಚಕ್ರವನ್ನು ತಿರುವಲು ನೋಡುತ್ತದೆ. ಎರಡೂ ಕಡೆ ಸಮನಾಗಿದ್ದರೆ ಒಂದನ್ನೊಂದು ರದ್ದುಗೊಳಿಸುತ್ತಿದ್ದವು. ಸಮನಿಲ್ಲದ ಕಾರಣ ಉಳಿದ ವ್ಯತ್ಯಾಸ ನೇರವಾಗಿ ಚಾಲಕನ ಕೈಗೆ ಬರುತ್ತದೆ. ಉದ್ದನೆಯ ಶಾಫ್ಟ್ ಹೆಚ್ಚು ತಿರುಚಿಕೊಳ್ಳುವುದು ಮತ್ತೊಂದು ತಲೆನೋವು.

1969ರಲ್ಲಿ ಇದೇ ವಿನ್ಯಾಸ ಫಿಯೆಟ್ 128 ಆಗಿ ಮೂಲ ಹೆಸರಿನಲ್ಲೇ ಬಂದು, 1970ರ ಯುರೋಪಿನ ವರ್ಷದ ಕಾರು ಪ್ರಶಸ್ತಿ ಗಳಿಸಿತು. ಅದರ 1116 ಸಿಸಿ ಎಂಜಿನ್ನಿನ ಬಲ ಸುಮಾರು 55 ಅಶ್ವಶಕ್ತಿ. ಅಷ್ಟಕ್ಕೆ ಸ್ಟಿಯರಿಂಗ್ ಎಳೆತ ಅಷ್ಟಾಗಿ ಅನುಭವಕ್ಕೆ ಬಾರದು. ಲೆಕ್ಕ ಹಾಕಿದರೆ ಜಿಯಾಕೋಸಾ ಮಾಡಿಕೊಂಡ ರಾಜಿ ಸರಿಯಾಗಿಯೇ ಇತ್ತೆನ್ನಬೇಕು. ಜಗತ್ತಿನ ಬಹುಪಾಲು ಸಣ್ಣ ಕಾರುಗಳು ಇದೇ ಜೋಡಣೆಗೆ ಬಂದವು; 1983ರಲ್ಲಿ ಭಾರತದ ರಸ್ತೆಗಿಳಿದ ಮಾರುತಿ 800 ಸಹ. ಟರ್ಬೊ ಬಂದು ಬಲ ಹಲವು ಪಟ್ಟಾದಾಗ ಮಾತ್ರ ಹಳೆಯ ಸಾಲ ಬಡ್ಡಿ ಕೇಳತೊಡಗಿತು.

ಜಿಯಾಕೋಸಾ 1970ರಲ್ಲಿ ನಿವೃತ್ತರಾಗಿದ್ದರು. ಫಿಯೆಟ್‌ನ ನಾಲ್ಕು ದಶಕಗಳ ಕುರಿತು ನೆನಪಿನ ಪುಸ್ತಕ ಬರೆದು, 1996ರ ಮಾರ್ಚ್ 31ರಂದು ಟ್ಯೂರಿನ್‌ನಲ್ಲಿ ತೀರಿಕೊಂಡರು. ಸಾಲ ತೀರಿಸುವ ಕೆಲಸ ಮುಂದಿನವರದಾಯಿತು. ಉದ್ದನೆಯ ಬದಿಯಲ್ಲಿ ಬೇರಿಂಗ್ ಆಧಾರದ ನಡುದಂಡವೊಂದನ್ನು ಸೇರಿಸಿ ಎರಡೂ ಶಾಫ್ಟ್‌ಗಳನ್ನು ಸಮ ಉದ್ದಕ್ಕೆ ತರುವುದು ಮೊದಲ ಉಪಾಯ. ಉದ್ದನೆಯದನ್ನು ದಪ್ಪ ಕೊಳವೆಯಾಗಿ ಮಾಡಿ ತಿರುಚುವಿಕೆಯನ್ನು ಸರಿಗಟ್ಟುವುದು ಇನ್ನೊಂದು. ಟೈರ್ ಹಿಡಿದು ಜಾರಿ, ಜಾರಿ ಹಿಡಿದು ಚಕ್ರವೇ ಕುಪ್ಪಳಿಸುವ ವೀಲ್ ಹಾಪ್‌ಗೆ ಮದ್ದು ಬೇರೆ: ಎಂಜಿನ್ ಮೌಂಟ್ ಮತ್ತು ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳನ್ನು ಬಿಗಿಗೊಳಿಸಬೇಕು, ಸವೆದ ಡ್ಯಾಂಪರ್ ಬದಲಿಸಬೇಕು. ಬಿಗಿ ಹೆಚ್ಚಾದರೆ ಕಂಪನವೆಲ್ಲ ಕ್ಯಾಬಿನ್ನಿಗೆ.

2009ರಲ್ಲಿ ಫೋರ್ಡ್ ತನ್ನ ಫೋಕಸ್ ಆರ್‌ಎಸ್ ಕಾರಿನಲ್ಲಿ 300 ಅಶ್ವಶಕ್ತಿಯನ್ನು ಎರಡೇ ಮುಂಚಕ್ರಗಳಿಗೆ ಕೊಟ್ಟಿತು. ರೆವೊನಕಲ್ ಎಂಬ ಜೋಡಣೆಯಿಂದ ಚಕ್ರ ತಿರುಗುವ ಅಕ್ಷವನ್ನು ಚಕ್ರದ ನಡುವಿನ ಹತ್ತಿರಕ್ಕೆ ತಂದು ಎಳೆತವನ್ನು ತಗ್ಗಿಸಿತು. ಆ ಕಾರಿನಲ್ಲಿಯೂ ಎಂಜಿನ್ ಅಡ್ಡಲಾಗಿಯೇ ಇತ್ತು, ಗೇರ್‌ಬಾಕ್ಸ್ ಅದರ ತುದಿಯಲ್ಲಿಯೇ ಇತ್ತು.